ಪಟ್ಟಿಗೆ ಸೇರದ ಹತ್ತನೇ ಮನೆ

ಬೆಳಗಿನ ಐದೂವರೆ. ರಸೆಲ್ ಮಾರುಕಟ್ಟೆಯಲ್ಲಿ ತರಕಾರಿ ಮೂಟೆ ಇಳಿಸಿ ಬಂದ ಪಿಳ್ಳಪ್ಪ, ಸೈಕಲ್ಲಿಗೆ ಕಟ್ಟಿ ತಂದ ಹರಕು ಗೋಣಿಚೀಲಗಳನ್ನು ಹಲಸೂರಿನ ತಮ್ಮ ಗಲ್ಲಿಯ ಬಾಯಲ್ಲಿರುವ ಡ್ರಮ್ಮಿನ ನೀರಿಗೆ ಅದ್ದುತ್ತಿದ್ದಾರೆ. ಪಕ್ಕದ ಮರಳಿನ ಬಕೆಟ್ಟಿನಲ್ಲಿ ಯಾರೋ ಪುಣ್ಯಾತ್ಮರು ಮೀನಿನ ಮುಳ್ಳು, ಬೀಡಿ ತುಂಡು ಹಾಕಿದ್ದಾರೆ. "ಕಸದ ಬುಟ್ಟಿ ಅಂದ್ಕೊಂಡವ್ರೆ, ಏನ್ಮಾಡೋದು" ಎನ್ನುತ್ತ ಕೈಯಲ್ಲೇ ಆರಿಸಿ ಎಸೆಯುತ್ತಾರೆ.

ಬೆಂಕಿ ಬಿದ್ದಾಗ ಬಾವಿ ತೋಡುವ ಊರಿನಲ್ಲಿ ದಿನವೂ ನೀರು ತುಂಬಿಡುವ ಮನುಷ್ಯ ಇವರು. ವಯಸ್ಸು ಐವತ್ತೆರಡು. 1991ರಲ್ಲಿ ಅಗ್ನಿಶಾಮಕ ದಳದವರು ಸ್ವಯಂಸೇವಕರಿಗೆಂದು ಕೊಟ್ಟ ಹತ್ತು ದಿನದ ತರಬೇತಿ ಬಿಟ್ಟರೆ ಸಂಬಳವಿಲ್ಲ, ಸಮವಸ್ತ್ರವಿಲ್ಲ. ಹದಿಮೂರು ವರ್ಷದಲ್ಲಿ ಇಪ್ಪತ್ತೇಳು ಬೆಂಕಿಗೆ ಓಡಿದ್ದಾರೆ. ಬಲಗೈಯ ಮೂರು ಬೆರಳು ಮಡಚುವುದಿಲ್ಲ. ನಲ್ಲಿಯ ಮುಂದೆ ಜಡೆಜಗಳವಾದರೂ ಗಲ್ಲಿಯವರು ಕೂಗುವುದು ಇವರನ್ನೇ.

ಗಲ್ಲಿಯೊಳಗೆ ಆಟೋ ತಿರುಗುವುದೇ ಕಷ್ಟ. ಬೆಂಕಿ ಆರಿಸುವ ಗಾಡಿ ದೊಡ್ಡ ರಸ್ತೆಯಲ್ಲೇ ಗಂಟೆ ಬಾರಿಸುತ್ತ ನಿಲ್ಲುತ್ತದೆ. ಅದರ ಪೈಪು ಒಳಗೆ ಬರುವ ತನಕ ಪಿಳ್ಳಪ್ಪನವರ ಆಧಾರ ಒದ್ದೆ ಗೋಣಿ ಮತ್ತು ತುದಿಗೆ ಕೊಕ್ಕೆ ಕಟ್ಟಿದ ಬಿದಿರು. "ನೀರು ಸಾಲಲ್ಲ ಸಾರ್. ಬೆಂಕಿಗೆ ಮುಂದಿನ ಮನೆ ಸಿಗದಂಗೆ ಮಾಡ್ಬೇಕು" ಎನ್ನುತ್ತಾರೆ. ಅಂದರೆ, ಇನ್ನೂ ಬೆಂಕಿ ಹತ್ತದ ಮನೆಯನ್ನು ಮೊದಲೇ ಎಳೆದು ಕೆಡವಬೇಕು.

1999ರ ಮಾರ್ಚಿನ ಒಂದು ಮಟಮಟ ಮಧ್ಯಾಹ್ನ ಹಾಗೇ ಮಾಡಿದರು. ಒಂಬತ್ತು ಗುಡಿಸಲು ಉರಿದಿದ್ದವು. ಹತ್ತನೆಯದು ಊದುಬತ್ತಿ ಹೊಸೆಯುವ ಜಹನಾರಾ ಅವರದು. ಪಿಳ್ಳಪ್ಪ ಕೊಕ್ಕೆ ಹಾಕಿ ಎಳೆದರು, ಬೆಂಕಿ ಅಲ್ಲೇ ನಿಂತಿತು, ಹಿಂದಿನ ನಲವತ್ತು ಮನೆ ಉಳಿದವು. ಆಮೇಲೆ ಸುಟ್ಟ ಮನೆಯವರಿಗೆಲ್ಲ ಪಕ್ಕಾ ಮನೆ ಕೊಡುತ್ತೇವೆಂದು ಸರ್ಕಾರಿ ಕಚೇರಿಯವರು ಪಟ್ಟಿ ಬರೆಯಲು ಬಂದರು. ಒಂಬತ್ತು ಹೆಸರು ಬರೆದುಕೊಂಡರು. ಜಹನಾರಾ ಹೆಸರು ಬರೆಯಲಿಲ್ಲ. ಅವರ ಮನೆ ಸುಟ್ಟಿಲ್ಲವಂತೆ, ಬರೀ ಬಿದ್ದಿದೆಯಂತೆ! ಎಂಥಾ ನ್ಯಾಯ!

"ನಾನೇ ಕೆಡವಿದ್ದು ಅಂತ ಬರ್ಕೊಟ್ಟೆ. ಹಂಗಾದ್ರೆ ನಿನ್ ಮೇಲೇ ಕಂಪ್ಲೇಂಟ್ ಕೊಡ್ಸ್ಲಾ ಅಂದ್ರು" ಎನ್ನುವಾಗ ಪಿಳ್ಳಪ್ಪ ನಗಲು ನೋಡುತ್ತಾರೆ, ಆಗುವುದಿಲ್ಲ. ಐದು ವರ್ಷದಿಂದ ಕಚೇರಿಗೆ ಅಲೆದು ಚಪ್ಪಲಿ ಸವೆದಿದೆ. ಉಳಿದ ನಲವತ್ತು ಮನೆಯವರಲ್ಲಿ ಒಂದು ನರಪಿಳ್ಳೆಯೂ ಸಾಕ್ಷಿಗೆ ಬರಲಿಲ್ಲ. ಜಹನಾರಾ ಇಂದಿಗೂ ಟಾರ್ಪಾಲಿನ ಕೆಳಗೇ ಇದ್ದಾರೆ. "ಒಂದು ಮೂಲೆನಾದ್ರೂ ಸುಡಕ್ಕೆ ಬಿಡ್ಬಾರ್ದಿತ್ತಾ ಅಣ್ಣಾ?" ಎಂದು ಅವರು ಕೇಳಿದ ಮಾತು ಪಿಳ್ಳಪ್ಪನವರಿಗೆ ಮುಳ್ಳಿನಂತೆ ಚುಚ್ಚುತ್ತಲೇ ಇದೆ.

ಕಳೆದ ಏಪ್ರಿಲ್‌ನಲ್ಲಿ ಮತ್ತೆ ಬೆಂಕಿ ಬಿತ್ತು. ಹೂ ಕಟ್ಟುವ ಮಂಜುಳಮ್ಮನ ಸೂರಿಗೆ ಕೊಕ್ಕೆ ಹಾಕಿದ್ದೇ ತಡ, ಆಕೆ ಬಿದಿರನ್ನೇ ತಬ್ಬಿಕೊಂಡರು. "ಕೈ ಮುಗೀತೀನಿ ಪಿಳ್ಳಣ್ಣಾ, ಒಸಿ ಹತ್ಕೊಳ್ಲಿ, ಆಮೇಲೆ ಎಳಿ. ಜಹನಾರಾ ಗತಿ ನಂಗ್ಬೇಡ."

ಪಿಳ್ಳಪ್ಪ ಕಾದರು. ಎರಡೇ ನಿಮಿಷ. ಅಷ್ಟರಲ್ಲಿ ಬೆಂಕಿ ಆ ಸೂರಿಗೆ ಹತ್ತಿ, ಅಲ್ಲಿಂದ ಹಾರಿ ಹಿಂದಿನ ಹದಿನಾಲ್ಕು ಮನೆಗಳನ್ನು ನೆಕ್ಕಿತು. ಸದ್ಯ, ಜೀವ ಹೋಗಲಿಲ್ಲ. ಎಲ್ಲರ ಹೆಸರೂ ಪಟ್ಟಿಗೆ ಬಂತು. ಆ ಖುಷಿಗೆ ಗಲ್ಲಿಯವರು ಪೆಂಡಾಲು ಹಾಕಿ ಪಿಳ್ಳಪ್ಪನವರಿಗೆ ಶಾಲು ಹೊದಿಸಿದರು, ಹದಿಮೂರು ವರ್ಷದಲ್ಲಿ ಮೊದಲ ಸಲ.

"ಉಳಿಸ್ದಾಗ ಬೈದ್ರು, ಸುಡಕ್ಕೆ ಬಿಟ್ಟಾಗ ಶಾಲು ಹಾಕಿದ್ರು" ಎಂದು ತಲೆ ತಗ್ಗಿಸುತ್ತಾರೆ. ನಿಮಗೇನು ಬೇಕು ಎಂದರೆ ತಡಮಾಡದೆ ಹೇಳುತ್ತಾರೆ: "ನಂಗೇನೂ ಬ್ಯಾಡ ಸಾರ್. ನಾನು ಕೆಡವಿದ ಮನೇನೂ ಸುಟ್ಟಿದ್ದೇ ಅಂತ ಬರ್ಕೊಂಡ್ಬಿಡ್ಲಿ. ಇನ್ನೊಂದ್ಸಲ ಕಾಯಕ್ಕೆ ನನ್ ಕೈಲಾಗಲ್ಲ."