ಪುಡಿಯೊಳಗಿನ ಟಂಗ್‌ಸ್ಟನ್

ಆತಿಯಾ ಉಲ್ಕಾಶಿಲೆಗಳನ್ನು ಓದುತ್ತಾಳೆಂದರೆ ನಾಗಮಂಗಲದ ನೆಂಟರಿಗೆ ಅದೊಂದು ಕೆಲಸವೆಂದೇ ಅನಿಸುತ್ತಿರಲಿಲ್ಲ. ಅಪ್ಪ ಪೀರ್ ಅಹಮದ್‌ಗೆ ಮಾತ್ರ ಅನಿಸುತ್ತಿತ್ತು. ಬಸ್ ನಿಲ್ದಾಣದ ಹಿಂದೆ ಅವರದು ವೆಲ್ಡಿಂಗ್ ಅಂಗಡಿ. ಕಬ್ಬಿಣದ ಸುದ್ದಿ ಎಲ್ಲಿಯದಾದರೂ ಕಿವಿಗೊಡುತ್ತಿದ್ದರು.

ಮೈಸೂರಿನಲ್ಲಿ ಎಂ.ಎಸ್ಸಿ. ಮುಗಿಸಿ ಅಹಮದಾಬಾದಿಗೆ ಹೋದವಳು ಪಿಎಚ್.ಡಿ.ಗೆ ಎತ್ತಿಕೊಂಡದ್ದು ಒಂದೇ ಪ್ರಶ್ನೆ: ಭೂಮಿಯಂಥ ಗ್ರಹಗಳು ಕೂಡಿಕೊಳ್ಳುವ ಮೊದಲಿದ್ದ ಪುಟ್ಟ ಕಾಯಗಳಲ್ಲಿ ಕಬ್ಬಿಣ ಕರಗಿ ನಡುವಿಗೆ ಇಳಿದದ್ದು ಯಾವಾಗ? ಉಲ್ಕೆಯೊಳಗಿನ ಟಂಗ್‌ಸ್ಟನ್ ಎಂಬ ಲೋಹವನ್ನು ಅಳೆದರೆ ಆ ಕಾಲ ತಿಳಿಯುತ್ತದೆ. ಮೂರು ವರ್ಷ ಅಳೆದಳು. ಸಿಕ್ಕ ಕಾಲ ಎಲ್ಲರೂ ಎಣಿಸಿದ್ದಕ್ಕಿಂತ ತೀರ ತಡ. ಲೇಖನ ಪ್ರಕಟಣೆಗೆ ಒಪ್ಪಿಗೆಯೂ ಆಯಿತು.

ಆ ಖುಷಿಯಲ್ಲೇ ರಂಜಾನಿಗೆ ಊರಿಗೆ ಬಂದು, ಅಂಗಡಿಯಲ್ಲಿ ಕೂತು ಅಪ್ಪನಿಗೆ ಎಲ್ಲ ವಿವರಿಸಿದಳು. ಅವರು ಗೋಡೆ ಕೊರೆಯುವ ಡ್ರಿಲ್ಲಿಗೆ ಬಿಟ್ ಸಿಕ್ಕಿಸುತ್ತ ಕೇಳಿದರು, “ಕಲ್ಲ ಪುಡಿ ಮಾಡ್ತೀವಿ ಅಂದ್ಯಲ್ಲ ಬೇಟಿ, ಯಾತರಲ್ಲಿ ಕುಟ್ಟುದ್ರಿ?”

“ನಾನ್ ಕುಟ್ನಿಲ್ಲ ಅಬ್ಬಾ. ಬೇರೆ ಲ್ಯಾಬಿಂದ ಪುಡಿಯಾಗೇ ಬಂತು.”

“ಈ ಬಿಟ್ಟಿನ ತುದೀಲಿರೋದೂ ನಿನ್ ಟಂಗ್‌ಸ್ಟನ್ನೇ ಕಣಮ್ಮ. ಕಲ್ಲಿಗೆ ಕೊಟ್ರೆ ಒಸಿ ಸವೀತದೆ. ಸವೆದಿದ್ದು ಎಲ್ಲೋಯ್ತದೆ? ಪುಡೀಗೇ ಸೇರ್ತದೆ.”

ಭೂಮಿಯ ಟಂಗ್‌ಸ್ಟನ್ ಬೆರೆತರೆ ಲೆಕ್ಕದ ಕಾಲ ತಡವಾಗಿಯೇ ಕಾಣುತ್ತದೆ. ಆತಿಯಾ ಕೂತಲ್ಲಿಂದಲೇ ಆ ಲ್ಯಾಬಿಗೆ ಫೋನ್ ಮಾಡಿದಳು. ಅವರು ಕುಟ್ಟಿದ್ದು ಟಂಗ್‌ಸ್ಟನ್ ಕಾರ್ಬೈಡಿನ ಪಾತ್ರೆಯಲ್ಲೇ.

ಬೇರೆ ಯಾರಿಗೂ ಇದು ಹೊಳೆದಿರಲಿಲ್ಲ. ಸುಮ್ಮನಿದ್ದಿದ್ದರೆ ಪದವಿ ಕೈಸೇರುತ್ತಿತ್ತು. ಎರಡು ದಿನ ಇಫ್ತಾರಿನ ತುತ್ತೂ ಇಳಿಯಲಿಲ್ಲ. ಮೂರನೆಯ ದಿನ ಮಾರ್ಗದರ್ಶಕ ರವೀಂದ್ರ ಅವರಿಗೆ ಫೋನಿನಲ್ಲಿ ಎಲ್ಲ ಹೇಳಿ, ಲೇಖನ ವಾಪಸ್ ಪಡೆಯೋಣವೆಂದಳು. ಅವರು ಒಪ್ಪಿದರು.

“ಹೊಸ ತುಂಡು ತರಿಸೋಣ,” ಅಂದರು. “ಈ ಸಲ ನೀವೇ ಪುಡಿ ಮಾಡಿ.”

ಟಂಗ್‌ಸ್ಟನ್ ಸೋಂಕದ ಅಗೇಟ್ ಕಲ್ಲಿನ ಕುಟ್ಟಾಣಿ ಹಿಡಿದು ಮೊದಲಿನಿಂದ ಶುರುಮಾಡಿದಳು. ಹದಿನಾಲ್ಕು ತಿಂಗಳು ಹಿಡಿಯಿತು. ಜೊತೆಯವರು ಪದವಿ ಪಡೆದು ಹೊರಟೂಹೋದರು. ಕೊನೆಗೆ ಸಿಕ್ಕ ಉತ್ತರ ಬೇರೆಯೇ ಆಗಿತ್ತು: ಸೌರಮಂಡಲ ಹುಟ್ಟಿ ಹತ್ತು ಲಕ್ಷ ವರ್ಷ ತುಂಬುವುದರೊಳಗೇ ಆ ಉಲ್ಕೆ ಸಿಡಿದು ಬಂದ ಮೂಲ ಕಾಯದ ಕಬ್ಬಿಣ ನಡುವಿಗೆ ಇಳಿದಿತ್ತು. ಹೊಸ ಲೇಖನದಲ್ಲಿ ಹಳೆಯ ತಪ್ಪನ್ನೂ ಬರೆದಳು. ಅದನ್ನೋದಿ ಇನ್ನೆರಡು ಲ್ಯಾಬುಗಳು ತಮ್ಮ ಪುಡಿಗಳನ್ನು ಮತ್ತೆ ಪರೀಕ್ಷಿಸಿದವು.

ಈಗ ಮೈಸೂರಿನಲ್ಲಿ ಪಾಠ, ಶ್ರೀರಂಗಪಟ್ಟಣದಲ್ಲಿ ಮನೆ. ಈ ಜೂನಿನಲ್ಲಿ ಅವಳ ಮೊದಲ ಸಂಶೋಧನಾ ವಿದ್ಯಾರ್ಥಿನಿ, ಹೊಣಕೆರೆಯ ರಂಜಿತ, ಬಂದು ಸೇರಿದಳು. ಅದೇ ವಾರ ಲ್ಯಾಬ್ ನೋಡಲು ಬಂದ ಪೀರ್ ಅಹಮದರ ಅಂಗೈಗೆ ರಂಜಿತ ಕಬ್ಬಿಣದ ಉಲ್ಕೆಯೊಂದನ್ನು ಇಟ್ಟಳು.

“ಎಷ್ಟ್ ವರ್ಸದ್ದಮ್ಮ?”

“ನಾನೂರ ಐವತ್ತಾರು ಕೋಟಿ ಆಗದೆ ಸಾರ್.”

ಊಟದ ಹೊತ್ತಾದರೂ ಅವರು ಅದನ್ನು ಕೆಳಗಿಡಲಿಲ್ಲ.