ನಂಜನ ಪಾಲಿನ ಅಕ್ಕಿ

ಮೊಣಕಾಲು ಕೈಕೊಟ್ಟಿದ್ದರೂ ಜೋಗಿಗೆ ಮಸಿನಗುಡಿಯ ಚೆಕ್‌ಪೋಸ್ಟಿನಲ್ಲಿ ಕೂತು ಪ್ರವಾಸಿಗರ ಕಾರಿಗೆ ಗೇಟು ಎತ್ತಿ ಇಳಿಸುವ ಕೆಲಸ ಬೇಡವಾಗಿತ್ತು. ಕಾಡಿನ ಕಾವಲುಗಾರ ಅಂದಮೇಲೆ ಕಾಡು ತಿರುಗಬೇಕು, ಗೇಟು ಎತ್ತುವುದಕ್ಕೆ ನಾನೇ ಯಾಕೆ ಎಂದು ವಾದಿಸಿದ್ದ. ಹಾಗಾದರೆ ಮೋಯಾರ್ ಕಣಿವೆಯ ಸುತ್ತನ್ನು ಹಿಂದೆ ಬೀಳದೆ ಮುಗಿಸಿ ತೋರಿಸು, ಆಮೇಲೆ ನೋಡೋಣ ಎಂದಿದ್ದರು ಮೇಲಿನವರು.

ಅದಕ್ಕೇ ಹೊರಡುವ ಹಿಂದಿನ ಸಂಜೆ ಚೀಲವನ್ನು ಅಂಗಳದಲ್ಲಿ ಸುರಿದುಕೊಂಡು ಹೊರೆ ಇಳಿಸಲು ಕೂತ. ಒಂದೊಂದನ್ನೂ ಕೈಯಲ್ಲೇ ತೂಗಿ ನೋಡಿದ. ಕಂಬಳಿ ಬೇಡ, ಹಳೆ ಸೀರೆ ಸಾಕು. ನೆನೆದರೂ ಬೇಗ ಒಣಗುತ್ತದೆ. ದೊಡ್ಡ ಟಾರ್ಚು ಬೇಡ. ಟಾರ್ಪಾಲನ್ನು ಅರ್ಧಕ್ಕೆ ಕತ್ತರಿಸಿದ. ಕತ್ತಿಯ ಮರದ ಹಿಡಿಯನ್ನೂ ಕಿತ್ತು ಬಟ್ಟೆ ಸುತ್ತಿದ, ಅಷ್ಟು ಹಠ. ಮಸಿ ಹಿಡಿದ ಅಲ್ಯೂಮಿನಿಯಂ ಪಾತ್ರೆಯೊಂದನ್ನು ಮಾತ್ರ ಬಿಡಲು ಮನಸ್ಸು ಬರಲಿಲ್ಲ. ಇಬ್ಬರ ಅನ್ನ ಬೇಯುವ ಪಾತ್ರೆ ಅದು.

ಆ ಇನ್ನೊಬ್ಬ ನಂಜ. ಕಾಡಿನ ಸುತ್ತಿಗೆ ಯಾವಾಗಲೂ ಜೋಗಿಯ ಜೊತೆಗಿದ್ದವನು, ಹೋದ ಮಳೆಗಾಲದಲ್ಲಿ ಜ್ವರ ಹಿಡಿದು ಹೋಗಿಬಿಟ್ಟ. ಅವನಿಲ್ಲದೆ ಜೋಗಿ ಕಾಡಿಗೆ ಹೊರಟಿದ್ದು ಇದೇ ಮೊದಲು. ಅವರ ಹಾಡಿಯ ಕಾವಲುಗಾರರು ಹೊರೆ ಹಂಚಿಕೊಳ್ಳುವ ಕ್ರಮವೇ ಬೇರೆ: ಪಾತ್ರೆ ಒಬ್ಬನ ಬೆನ್ನಿಗೆ, ಅಕ್ಕಿ ಉಪ್ಪು ಇನ್ನೊಬ್ಬನ ಬೆನ್ನಿಗೆ. ದಾರಿಯುದ್ದಕ್ಕೂ ಎಷ್ಟೇ ಕಿತ್ತಾಡಲಿ, ಹೊಟ್ಟೆ ಹಸಿದಾಗ ಒಂದೇ ಒಲೆಗೆ ಬರಲೇಬೇಕು. ನಂಜನ ಬಾಯಿಯೋ ಬೊಂಬಾಯಿ, ಜಗಳಕ್ಕೆ ಬರವಿರಲಿಲ್ಲ. ಅವನನ್ನು ಮಣ್ಣು ಮಾಡಿದ ದಿನ ಜೋಗಿಯ ಕಣ್ಣಲ್ಲಿ ಒಂದು ಹನಿ ನೀರು ಬರಲಿಲ್ಲ. ನಂಜನ ಹೆಂಡತಿ ಲಿಂಗಿ ಅದನ್ನು ಇನ್ನೂ ಮರೆತಿಲ್ಲ.

ಬೆಳಿಗ್ಗೆ ಜೊತೆಗೆ ಬಂದವನು ಹೊಸದಾಗಿ ಕೆಲಸಕ್ಕೆ ಸೇರಿದ ಸರವಣನ್. ಅವನ ಬೆನ್ನಿಗೆ ಅಂಟಿಕೊಂಡ ಹೊಸ ಚೀಲದಲ್ಲಿ ಅಂಗೈಯಗಲದ ಗ್ಯಾಸ್ ಒಲೆ, ಬಿಸಿನೀರು ಹುಯ್ದರೆ ಊಟವಾಗುವ ಪೊಟ್ಟಣಗಳು. ಎಲ್ಲವೂ ಒಬ್ಬನಿಗೆಂದೇ ಅಳೆದು ಮಾಡಿದವು. ಒಳ್ಳೆಯವನೇ ಪಾಪ, ಆದರೆ ಕೇಳಿದ್ದಕ್ಕಷ್ಟೇ ಉತ್ತರ. ಜಗಳವಾಡೋಣವೆಂದರೂ ಸಿಗುವವನಲ್ಲ.

ಜೋಗಿ ಹಿಂದೆ ಬೀಳಲಿಲ್ಲ. ಚೀಲ ಎಷ್ಟು ಹಗುರವಾಗಿತ್ತೆಂದರೆ ಮೊಣಕಾಲಿನ ನೆನಪೇ ಆಗಲಿಲ್ಲ. ಸಂಜೆ ಕಾವಲು ಶೆಡ್ ಮುಟ್ಟಿದಾಗ, ಇನ್ನು ಆ ಗೇಟಿನ ಕಾಟ ತಪ್ಪಿತು ಎಂದು ಒಳಗೊಳಗೇ ಹಿಗ್ಗಿದ. ಸೌದೆ ಒಟ್ಟಿ ಒಲೆ ಹೊತ್ತಿಸಿ, ಪಾತ್ರೆ ತುಂಬ ನೀರಿಟ್ಟ. ನೀರು ಮರಳತೊಡಗಿತು. ಅಕ್ಕಿಗೆಂದು ಅವನ ಕೈ ತನ್ನಷ್ಟಕ್ಕೆ ಪಕ್ಕಕ್ಕೆ ಚಾಚಿತು.

ಪಕ್ಕದಲ್ಲಿ ಯಾರೂ ಇರಲಿಲ್ಲ. ಅಷ್ಟೆಲ್ಲ ತೂಗಿ ಆರಿಸಿದವನು ಅಕ್ಕಿಯನ್ನೂ ಉಪ್ಪನ್ನೂ ತಂದೇ ಇರಲಿಲ್ಲ.

ಸರವಣನ್ ಆಗಲೇ ಉಂಡು ಖಾಲಿ ಪೊಟ್ಟಣ ಮಡಚುತ್ತಿದ್ದ.

"ಏನಣ್ಣಾ, ಬರೀ ನೀರು ಕಾಸ್ತಾ ಕೂತಿದ್ದೀರಾ?"

"ಅಕ್ಕಿ ಅವನತ್ರ ಅದೆ" ಎಂದ ಜೋಗಿ.

ಯಾರ ಹತ್ತಿರ ಎಂದು ಸರವಣನ್ ಕೇಳಲಿಲ್ಲ. ತನ್ನದೇ ಒಂದು ಪೊಟ್ಟಣವನ್ನು ಒಲೆಯ ಪಕ್ಕದಲ್ಲಿಟ್ಟು ಒಳಗೆ ಹೋಗಿ ಮಲಗಿದ. ಮಳೆಗಾಲದಿಂದ ಬಾರದಿದ್ದ ಅಳು ಜೋಗಿಗೆ ಆಗ ಬಂತು.