ಬಲಿತಿದೆ ಎಂದ ಆ ಒಂದು ಮಾತು

ಹುಣಸೂರಿನ ಖಾಸಗಿ ಆಸ್ಪತ್ರೆಯೊಂದರಲ್ಲಿ ಮಕ್ಕಳ ವೈದ್ಯನಾಗಿದ್ದ ನನಗೆ ನಿವೃತ್ತಿಗೆ ನಾಲ್ಕು ವರ್ಷ ಉಳಿದಿತ್ತು. ರಾವಂದೂರು ಕಡೆಯಿಂದ ರೂಪಾ ತನ್ನ ಮೂರು ತಿಂಗಳ ಹೆಣ್ಣುಮಗುವನ್ನು ತಂದಳು. ಜೊತೆಗೆ ಅತ್ತೆ ದೇವಮ್ಮ. ಮಗುವಿನ ಹೊಟ್ಟೆ ಉಬ್ಬಿತ್ತು. ಚರ್ಮದಡಿ ಅಲ್ಲಲ್ಲಿ ನೀಲಿ ಗಂಟುಗಳು. ಮೈಸೂರಿನಲ್ಲಿ ಬಯಾಪ್ಸಿ, ಎಂದರೆ ಗಡ್ಡೆಯ ಚೂರು ತೆಗೆದು ಪರೀಕ್ಷೆ, ಆಯಿತು. ನ್ಯೂರೋಬ್ಲಾಸ್ಟೋಮಾ: ನರಗಳಾಗಬೇಕಿದ್ದ ಎಳೆಯ ಜೀವಕೋಶಗಳ ಕ್ಯಾನ್ಸರ್. ಮೂತ್ರಪಿಂಡದ ಮೇಲೆ ಹುಟ್ಟಿ ಯಕೃತ್ತಿಗೂ ಹರಡಿತ್ತು.

ಅಲ್ಲಿನ ಕ್ಯಾನ್ಸರ್ ತಜ್ಞರು ಔಷಧ ಬರೆಯಲಿಲ್ಲ. ಮಗು ಹಾಲು ಕುಡಿದು ಸರಾಗವಾಗಿ ಉಸಿರಾಡುತ್ತಿರುವವರೆಗೆ ಕಾಯೋಣ ಎಂದರು. ಹಸುಗೂಸುಗಳ ಈ ಬಗೆಯ ಗಡ್ಡೆ ಕೆಲವೊಮ್ಮೆ ತಾನಾಗಿ ಕರಗುತ್ತದೆಂದು ಓದಿದ್ದೆ, ಕಂಡಿರಲಿಲ್ಲ.

“ಮದ್ದೇ ಕೊಡ್ದೆ ಕಾಯೋದಾ ಡಾಕ್ಟ್ರೇ? ಮಳೆ ಕಾದಂಗೆ?” ಎಂದು ದೇವಮ್ಮ ಕುಟುಕಿದರು.

ಪ್ರತಿ ಸೋಮವಾರ ಬೆಳಿಗ್ಗೆ ಒಂಬತ್ತಕ್ಕೆ ತೂಕ, ಹೊಟ್ಟೆಯ ಸುತ್ತಳತೆ, ಗಂಟುಗಳ ಎಣಿಕೆ. ಅವರು ಒಂದು ವಾರವೂ ತಪ್ಪಿಸಲಿಲ್ಲ. ಮೊದಲ ತಿಂಗಳು ಹೊಟ್ಟೆ ಇನ್ನೂ ಹಿಗ್ಗಿತು. ಆಮೇಲೆ ಹಿಗ್ಗುವುದು ನಿಂತಿತು. ಆರು ತಿಂಗಳಲ್ಲಿ ಹೊಟ್ಟೆ ಇಳಿಯಿತು, ಗಂಟುಗಳು ಮಾಯವಾದವು. ವರ್ಷ ಕಳೆದರೂ ಮೂತ್ರಪಿಂಡದ ಮೇಲಿನ ಗಡ್ಡೆ ಮಾತ್ರ ಉಳಿಯಿತು. ಅದರ ಚೂರು ಮತ್ತೆ ಪರೀಕ್ಷೆಗೆ ಹೋಯಿತು. ಕೋಶಗಳು ಎಳೆಯವಾಗಿಯೇ ಇದ್ದರೆ ಕೀಮೋಥೆರಪಿ ತಪ್ಪುತ್ತಿರಲಿಲ್ಲ.

ವರದಿ ಓದಿದ ಸಡಗರದಲ್ಲಿ, “ಬಲಿತುಬಿಟ್ಟಿದೆ!” ಎಂದೆ.

ರೂಪಾ ಮಗುವನ್ನು ಎದೆಗೊತ್ತಿಕೊಂಡು ಅಳತೊಡಗಿದಳು. “ಬಲೀತಾ? ಕಾಯ್ರಿ ಕಾಯ್ರಿ ಅಂದ್ರಲ್ಲ ಸ್ವಾಮಿ, ಕಾದು ಕೂಸ್ನ ಕಳಕಂಡ್ವಾ?” ಎಂದರು ದೇವಮ್ಮ.

ಅವರ ಮಾತಿನಲ್ಲಿ ಕಾಯಿಲೆ ಬಲಿತಿದೆ ಎಂದರೆ ಕೈಮೀರಿದಂತೆ. ನನ್ನ ತಪ್ಪು ಆಗ ಹೊಳೆಯಿತು.

“ಅವ್ವಾ, ಹೊಗೆಸೊಪ್ಪು ಬೆಳೀತೀರಲ್ಲ. ಬಲಿತ ಎಲೆ ಮತ್ತೆ ಬೆಳೆಯುತ್ತಾ?”

“ಬಲಿತ್ ಮ್ಯಾಲೆ ಎಲ್ಲಿ ಬೆಳೆಯಾದು? ಅಲ್ಗೇ ನಿಂತೋಯ್ತದೆ.”

“ಇದೂ ಹಾಗೇ. ಎಳೆಯ ಕೋಶ ಬಲಿತು ನರವಾಗಿದೆ. ಇನ್ನು ಹರಡೋಲ್ಲ. ಕೀಮೋ ಬೇಡ.”

“ಅಂಗಂತ ಮೊದ್ಲೇ ಯೋಳ್ಬಾರ್ದಾ! ಜೀವಾನೇ ಬಾಯಿಗ್ ಬಂದಿತ್ತು ಕಣ್ರೀ,” ಎಂದು ದೇವಮ್ಮ ಗದರಿದರು. ರೂಪಾ ಅಳುತ್ತಲೇ ನಕ್ಕಳು.

ನೀನು ನರವಾಗು, ನೀನು ಮೂಳೆಯಾಗು ಎಂದು ಗರ್ಭದಲ್ಲಿ ಕೋಶಗಳಿಗೆ ದಾರಿ ತೋರುವ ಬೆಳವಣಿಗೆಯ ಜೀನ್‌ಗಳಿವೆ. ‘ಒಡೆದು ಹೆಚ್ಚಾಗು’ ಎಂದು ಒತ್ತಾಯಿಸುವ ಕ್ಯಾನ್ಸರ್ ಸಂಕೇತವನ್ನೂ ಅವು ಅಡಗಿಸಬಲ್ಲವು. ಈ ಮಗುವಿನಲ್ಲಿ ತಡವಾಗಿ ಹೇಗೆ ಎಚ್ಚೆತ್ತವೋ, ಪೂರ್ತಿ ಬಲ್ಲವರಿಲ್ಲ. ಮೈಸೂರಿಗೆ ಹೋಗಿ ಗಡ್ಡೆಯ ಚೂರಿನ ಸ್ಲೈಡನ್ನು ಸೂಕ್ಷ್ಮದರ್ಶಕದಲ್ಲಿ ನೋಡಿದೆ. ಮೊದಲು ಸಾಸಿವೆ ಚೆಲ್ಲಿದಂತಿದ್ದ ಕಪ್ಪು ಕೋಶಗಳ ಜಾಗದಲ್ಲಿ ದೊಡ್ಡ, ಶಾಂತ ನರಕೋಶಗಳು. ಮೂವತ್ತು ವರ್ಷ ಹೊತ್ತಿಗೆ ಸರಿಯಾಗಿ ಮದ್ದು ಕೊಟ್ಟವನು ಮದ್ದಿಲ್ಲದೆ ಆದ ಈ ಬದಲಾವಣೆಯನ್ನು ಮತ್ತೆ ಮತ್ತೆ ನೋಡುತ್ತ ಕೂತೆ.

ವೃತ್ತಿ ಕಲಿಸಿದ್ದು ಇಷ್ಟು: ವರದಿ ಕೈಗೆ ಬಂದಾಗ ಮಗು ಬದುಕುತ್ತದೋ ಇಲ್ಲವೋ ಎಂಬುದನ್ನು ತಾಯಿಗೆ ಮೊದಲು ಹೇಳಬೇಕು. ನಾವು ಬೆರಗಾಗುವುದು ಆಮೇಲೆ.